ಗಣಕಯಂತ್ರದ ಅಟ್ಟ

ಹಳೆಯ ಮನೆಗಳಲ್ಲಿ ನಿತ್ಯ ಬೇಕಾಗುವ ಪಾತ್ರೆಗಳು ಅಡುಗೆಮನೆಯಲ್ಲಿ ಕೈಗೆಟುಕುವಂತಿದ್ದರೆ, ಹಬ್ಬಕ್ಕೊಮ್ಮೆ ಬೇಕಾಗುವ ಕೊಪ್ಪರಿಗೆ ಅಟ್ಟದ ಮೇಲಿರುತ್ತದೆ. ಗಣಕಯಂತ್ರದ ಸಂಸಾರವೂ ಹೀಗೆಯೇ. ಅದರ ಮುಖ್ಯ ಸ್ಮೃತಿ ಅತಿ ವೇಗದ್ದು. ಆದರೆ ದುಬಾರಿ, ಹಾಗಾಗಿ ಚಿಕ್ಕದು. ಅಲ್ಲಿ ಜಾಗ ಸಾಲದಾದಾಗ, ಸದ್ಯಕ್ಕೆ ಬೇಡವಾದ ಮಾಹಿತಿಯನ್ನು ‘ಪುಟ’ಗಳಾಗಿ ವಿಂಗಡಿಸಿ ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮರಳಿ ತರಲಾಗುತ್ತದೆ. ಈ ಏರ್ಪಾಡಿನ ಹೆಸರೇ ವರ್ಚುವಲ್ ಮೆಮೊರಿ.

ಮೊದಮೊದಲು ಈ ಹತ್ತಿಳಿಯುವ ಕೆಲಸ ಪ್ರೋಗ್ರಾಂ ಬರೆಯುವವರದ್ದೇ ಆಗಿತ್ತು. ಯಾವ ಭಾಗ ಯಾವಾಗ ಎಲ್ಲಿರಬೇಕೆಂದು ಅವರೇ ಲೆಕ್ಕ ಹಾಕಿಡಬೇಕಿತ್ತು. ಇದರಿಂದ ಬಿಡುಗಡೆ ದೊರೆತದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ. ಟಾಮ್ ಕಿಲ್ಬರ್ನ್ ಮತ್ತು ಸಂಗಡಿಗರು ರೂಪಿಸಿದ ‘ಅಟ್ಲಾಸ್’ ಗಣಕ 1962ರ ಡಿಸೆಂಬರಿನಲ್ಲಿ ಉದ್ಘಾಟನೆಯಾಯಿತು. ಅದರ ಮುಖ್ಯ ಸ್ಮೃತಿಯಲ್ಲಿ 16,384 ಪದಗಳಿಗಷ್ಟೇ ಸ್ಥಳ. ತಿರುಗುವ ಕಾಂತೀಯ ಡ್ರಮ್ಮುಗಳಲ್ಲಿ 98,304 ಪದಗಳಿಗೆ. 512 ಪದಗಳ ಪುಟಗಳನ್ನು ಯಂತ್ರ ತಾನೇ ಅತ್ತಿಂದಿತ್ತ ಸಾಗಿಸುತ್ತಿತ್ತು. ಪ್ರೋಗ್ರಾಮಿಗೆ ಕಾಣುತ್ತಿದ್ದುದು ಒಂದೇ ದೊಡ್ಡ ಸ್ಮೃತಿ.

ಈ ಸೌಕರ್ಯಕ್ಕೂ ಒಂದು ಮಿತಿಯಿತ್ತು. ಒಂದೇ ಕಾಲಕ್ಕೆ ಹಲವು ಪ್ರೋಗ್ರಾಮುಗಳು ನಡೆಯತೊಡಗಿದಾಗ, ಈಗಷ್ಟೇ ಅಟ್ಟಕ್ಕೇರಿಸಿದ ಪುಟವೇ ಮರುಕ್ಷಣ ಬೇಕಾಗಿ, ಯಂತ್ರದ ಹೊತ್ತೆಲ್ಲ ಸಾಗಾಟದಲ್ಲೇ ಕಳೆದುಹೋಗುತ್ತಿತ್ತು. ಅಮೆರಿಕದ ಪೀಟರ್ ಡೆನ್ನಿಂಗ್ 1968ರಲ್ಲಿ ಇದರ ಕಾರಣವನ್ನು ವಿವರಿಸಿದರು. ಪ್ರತಿ ಪ್ರೋಗ್ರಾಮಿಗೂ ಆಯಾ ಹೊತ್ತಿಗೆ ಅಗತ್ಯವಾದ ಪುಟಗಳ ಒಂದು ಗುಂಪಿರುತ್ತದೆ. ಆ ಗುಂಪಿಗೆ ಸ್ಮೃತಿಯಲ್ಲಿ ಎಡೆಯಿಲ್ಲವಾದರೆ ಕೆಲಸ ಸಾಗದು ಎಂಬುದು ಅವರ ವಿವರಣೆಯ ಸಾರ.

1985ರಲ್ಲಿ ಬಂದ ಇಂಟೆಲ್ 386 ಚಿಪ್ಪಿನಿಂದಾಗಿ ಈ ವಿದ್ಯೆ ಮೇಜಿನ ಮೇಲಿನ ಪಿ.ಸಿ.ಗೂ ಇಳಿಯಿತು. ಹಾರ್ಡ್ ಡಿಸ್ಕ್ ಗರಗರ ಸದ್ದು ಮಾಡುತ್ತ ಪರದೆ ಸ್ತಬ್ಧವಾಗುವ ಅನುಭವ ಅಂದಿನ ಬಳಕೆದಾರರಿಗೆಲ್ಲ ಪರಿಚಿತ. ತಿರುಗುವ ತಟ್ಟೆಯಲ್ಲಿ ಒಂದು ಪುಟ ಹುಡುಕಲು ಸುಮಾರು 10 ಮಿಲಿಸೆಕೆಂಡು ಬೇಕು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಗೆ ಅದರ ನೂರನೇ ಒಂದು ಪಾಲು ಸಾಕು.

ಆದರೆ ಎಸ್‌ಎಸ್‌ಡಿಯೊಂದಿಗೆ ಹೊಸ ಭಯವೂ ಬಂತು. ಅದರೊಳಗಿನ ಫ್ಲ್ಯಾಶ್ ಕೋಶಗಳನ್ನು ಅಳಿಸಿ ಬರೆಯುವುದಕ್ಕೆ ಮಿತಿಯಿದೆ. ಹಾಗಾಗಿ ಪುಟಗಳ ಕಡತವನ್ನೇ ತೆಗೆದುಹಾಕಿದರೆ ಡಿಸ್ಕ್ ಬಾಳಿಕೆ ಬಂದೀತು ಎಂಬ ಸಲಹೆ ಎಲ್ಲೆಡೆ ಹಬ್ಬಿತು. ಅದರಲ್ಲಿ ಹುರುಳು ಕಡಿಮೆ. 2009ರಲ್ಲಿ ಮೈಕ್ರೋಸಾಫ್ಟ್ ಎಂಜಿನಿಯರುಗಳು ಪ್ರಕಟಿಸಿದ ಲೆಕ್ಕದ ಪ್ರಕಾರ, ವಿಂಡೋಸಿನಲ್ಲಿ ಆ ಕಡತಕ್ಕೆ ಒಮ್ಮೆ ಬರೆದರೆ ಸುಮಾರು 40 ಸಲ ಅದರಿಂದ ಓದಲಾಗುತ್ತಿತ್ತು. ಓದಿದರೆ ಕೋಶ ಅಷ್ಟಾಗಿ ಸವೆಯುವುದಿಲ್ಲ. ಬರೆಯುವಾಗಲೂ ಎಸ್‌ಎಸ್‌ಡಿಯ ನಿಯಂತ್ರಕ ಸವೆತವನ್ನು ಎಲ್ಲ ಕೋಶಗಳಿಗೂ ಹಂಚುತ್ತದೆ. ಚಿಕ್ಕ ಚಿಕ್ಕ ಪುಟಗಳನ್ನು ಥಟ್ಟನೆ ಹುಡುಕಿ ಕೊಡುವುದರಲ್ಲಂತೂ ಎಸ್‌ಎಸ್‌ಡಿಗೆ ಹಾರ್ಡ್ ಡಿಸ್ಕ್ ಸಾಟಿಯಲ್ಲ.

ಕಡತವನ್ನು ತೆಗೆದವರು ತೆರಬೇಕಾದ ಬೆಲೆ ಬೇರೆ. ಸ್ಮೃತಿ ಭರ್ತಿಯಾದಾಗ ವಿಂಡೋಸ್ ಪ್ರೋಗ್ರಾಮುಗಳಿಗೆ ಜಾಗ ನಿರಾಕರಿಸುತ್ತದೆ. ಲಿನಕ್ಸ್ ಯಾವುದಾದರೊಂದು ಪ್ರೋಗ್ರಾಮನ್ನು ಬಲವಂತವಾಗಿ ನಿಲ್ಲಿಸಬಹುದು. ಎರಡರಲ್ಲೂ ಉಳಿಸದೆ ಬಿಟ್ಟ ಬರಹ ಕೈತಪ್ಪಿ ಹೋಗುವ ಸಂಭವವುಂಟು. ಕಡಿಮೆ ಸ್ಮೃತಿಯ ಅಗ್ಗದ ಯಂತ್ರ ಕೊಂಡವರಿಗೇ ಈ ಪೆಟ್ಟು ಹೆಚ್ಚು.

ಅಟ್ಟಕ್ಕೇರಿಸುವ ಮೊದಲು ಪುಟಗಳನ್ನು ಮಡಿಚಿಡುವ ಜಾಣತನವೂ ಈಗ ರೂಢಿಯಲ್ಲಿದೆ. ಆಪಲ್ 2013ರಲ್ಲಿ, ವಿಂಡೋಸ್ 2015ರಲ್ಲಿ ಸ್ಮೃತಿಯೊಳಗೇ ಮಾಹಿತಿಯನ್ನು ಕುಗ್ಗಿಸಿಡುವ ಕ್ರಮ ತಂದವು. ಹಾಗಿದ್ದರೂ ಮುಖ್ಯ ಸ್ಮೃತಿಗೆ ಹೋಲಿಸಿದರೆ ಎಸ್‌ಎಸ್‌ಡಿ ಸಾವಿರ ಪಟ್ಟಿನಷ್ಟು ನಿಧಾನವೇ. ಯಂತ್ರ ಸದಾ ಪುಟ ಸಾಗಿಸುತ್ತಲೇ ಇದ್ದರೆ ಡೆನ್ನಿಂಗ್ ಹೇಳಿದ ಗುಂಪಿಗೆ ಎಡೆ ಸಾಲುತ್ತಿಲ್ಲವೆಂದೇ ಅರ್ಥ. ಆಗ ತೆರೆದಿಟ್ಟ ಪ್ರೋಗ್ರಾಮುಗಳನ್ನು ಕಡಿಮೆ ಮಾಡಬೇಕು, ಇಲ್ಲವೇ ಸ್ಮೃತಿಯನ್ನು ಹೆಚ್ಚಿಸಬೇಕು. ಅಡುಗೆಮನೆ ಇಕ್ಕಟ್ಟಾಯಿತೆಂದು ಅಟ್ಟವನ್ನು ಕೀಳುವುದು ಅದಕ್ಕೆ ಪರಿಹಾರವಲ್ಲ.