ಶಕವರ್ಷದಿಂದ ಸರ್ವರಿನ ಸೆಕೆಂಡಿನವರೆಗೆ: ಕನ್ನಡದ ಕಾಲನಿರ್ದೇಶಕ ಪದಪುಂಜ

ಧಾರವಾಡದ ಸಮೀಪದ ಅಮ್ಮಿನಬಾವಿ ಹಳೆಯ ಶಾಸನಗಳನ್ನು ಉಳಿಸಿಕೊಂಡಿರುವ ಊರು. ಈ ಸೀಮೆಯ ಚಾಲುಕ್ಯಕಾಲೀನ ದಾನಶಾಸನಗಳಲ್ಲಿ ಕಾಲನಿರ್ದೇಶದ ಕ್ರಮ ಬಹುಮಟ್ಟಿಗೆ ಸ್ಥಿರವಾಗಿದೆ: ವರ್ಷಸಂಖ್ಯೆ, ಅದಕ್ಕೆ ಹತ್ತಿದ ‘ನೆಯ’, ಬಳಿಕ ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ. ಆರನೆಯ ವಿಕ್ರಮಾದಿತ್ಯನು 1076ರಲ್ಲಿ ಚಾಲುಕ್ಯ-ವಿಕ್ರಮ ವರ್ಷವನ್ನು ಆರಂಭಿಸಿದಾಗ ಬದಲಾದುದು ಎಣಿಕೆಯ ಆದಿಬಿಂದು, ಪದಪುಂಜದ ರಚನೆಯಲ್ಲ.

ಯುನಿಕ್ಸ್ ವ್ಯವಸ್ಥೆಯ ಆದಿಬಿಂದುವೂ ಇಂಥದೇ ಒಂದು ಆಯ್ಕೆ. 1970ರ ಜನವರಿ 1ರ ಜಾಗತಿಕ ಪ್ರಮಾಣಕಾಲದ ಮಧ್ಯರಾತ್ರಿಯಿಂದ ಕಳೆದ ಸೆಕೆಂಡುಗಳನ್ನು ಸರ್ವರ್ ಎಣಿಸುತ್ತದೆ. ನೂರು ಕೋಟಿ ಸೆಕೆಂಡುಗಳು ಸಂದದ್ದು 2001ರ ಸೆಪ್ಟೆಂಬರ್ 9ರಂದು. ಶಾಸನದ ಮಿತಿಗೆ ತನ್ನೊಳಗೇ ಸಾಕ್ಷಿಯಿದೆ: ತಿಥಿಗೂ ವಾರಕ್ಕೂ ಹೊಂದಿಕೆಯಾಗದಿದ್ದರೆ ಸಂಶಯ ಹುಟ್ಟುತ್ತದೆ. ಫ್ಲೀಟ್, ಕೀಲ್‌ಹಾರ್ನ್ ನಡೆಸಿದ ಪರೀಕ್ಷೆಗಳಿಗೂ 1896ರಲ್ಲಿ ಸಿವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರು ಪ್ರಕಟಿಸಿದ ಕೋಷ್ಟಕಗಳಿಗೂ ಈ ಹೊಂದಿಕೆಯೇ ಆಧಾರ. ಸೆಕೆಂಡಿನ ಸಂಖ್ಯೆಯಲ್ಲಿ ಅಂಥ ಸಾಕ್ಷಿಯಿಲ್ಲ, ಸ್ಥಳವೂ ಇಲ್ಲ. ಅಮ್ಮಿನಬಾವಿಯಲ್ಲಿ ಏಪ್ರಿಲ್ 1ರ ಬೆಳಗಿನ ಜಾವ ಎರಡು ಗಂಟೆಗೆ ದಾಖಲಾದ ವ್ಯವಹಾರವನ್ನು ಕಾಲವಲಯ ಸೂಚಿಸದೆ ಪರಿವರ್ತಿಸಿದರೆ, ಜಾಗತಿಕ ಕಾಲದ ಸರ್ವರ್ ಅದನ್ನು ಮಾರ್ಚ್ 31ಕ್ಕೆ, ಅಂದರೆ ಹಿಂದಿನ ಆರ್ಥಿಕ ವರ್ಷಕ್ಕೆ, ಸೇರಿಸುತ್ತದೆ. (ಅಂಥ ಸರ್ವರಿನ ದಿನ ನಮ್ಮಲ್ಲಿ ಬದಲಾಗುವುದು ಬೆಳಗಿನ ಐದೂವರೆಗೆ, ಸೂರ್ಯೋದಯಕ್ಕೆ ವಾರ ಬದಲಿಸುವ ಪಂಚಾಂಗಕ್ಕೆ ಅದು ವಿಚಿತ್ರವಾಗಿ ಹತ್ತಿರ.)

ಇಷ್ಟು ಗಣಿತದ ಮಾತು. ನಮಗೆ ಮುಖ್ಯವಾದುದು ಪರಿವರ್ತನೆಯ ಕೊನೆಯ ಹೆಜ್ಜೆ. ಪಿಎಚ್‌ಪಿ ಭಾಷೆಯ ‘ಡೇಟ್’ ಕಾರ್ಯವು ತಿಂಗಳ ಹೆಸರನ್ನು ಇಂಗ್ಲಿಷಿನಲ್ಲಿಯೇ ಕೊಡುತ್ತದೆ. ಇಂಗ್ಲಿಷಿನ ಕ್ರಮಸೂಚಕ ಪ್ರತ್ಯಯಕ್ಕೆ ಅದರಲ್ಲಿ ಪ್ರತ್ಯೇಕ ಸಂಕೇತಾಕ್ಷರವೂ ಇದೆ. ಕನ್ನಡಕ್ಕೆ ಬೇಕಾದುದು ವಿಭಕ್ತಿ. ‘5ರಂದು’ ಎಂಬಲ್ಲಿ ಅಂಕಿಯನ್ನು ‘ಐದು’ ಎಂದು ಓದಿಕೊಂಡೇ ‘ಐದರಂದು’ ಎಂಬ ರೂಪ ಸಿದ್ಧಿಸುತ್ತದೆ; ಆಗಮದ ಅಕಾರ ಅಂಕಿಯ ಮರೆಯಲ್ಲಿರುತ್ತದೆ. ಒಂದರಿಂದ ಮೂವತ್ತೊಂದರವರೆಗಿನ ಸಂಖ್ಯಾವಾಚಕಗಳೆಲ್ಲ ಉಕಾರಾಂತ. ಆದ್ದರಿಂದ ಪ್ರೋಗ್ರಾಂನಲ್ಲಿ ‘ರಂದು’ ಎಂಬ ಸ್ಥಿರ ತುಣುಕನ್ನು ಅಂಟಿಸಿದರೂ ತಿಂಗಳಿಡೀ ತಪ್ಪು ಕಾಣಿಸದು.

ಅದೇ ರೀತಿಯಲ್ಲಿ ವರ್ಷಕ್ಕೆ ‘ರಲ್ಲಿ’ ಅಂಟಿಸಿದರೆ 1999ರಲ್ಲಿ ಸರಿ, 2001ರಲ್ಲಿ ಸರಿ. ನಡುವಿನ ವರ್ಷ ಮಾತ್ರ ‘2000ದಲ್ಲಿ’. ‘ಸಾವಿರ’ ಅಕಾರಾಂತವಾದುದರಿಂದ ಅಲ್ಲಿ ದಕಾರಾಗಮ. ಷಷ್ಠಿಯಲ್ಲೂ ‘5ರ’, ‘2000ದ’ ಎಂಬ ಭೇದ ಉಳಿಯುತ್ತದೆ. ಚತುರ್ಥಿಯಲ್ಲಿ ‘5ಕ್ಕೆ’, ‘2000ಕ್ಕೆ’ ಒಂದಾಗುತ್ತವೆ. ಶಾಸನದ ‘ನೆಯ’ವಂತೂ ಯಾವ ಅಂಕಿಯ ಮುಂದೆಯೂ ಬರಹದಲ್ಲಿ ಮಾರ್ಪಡುವುದಿಲ್ಲ. ‘2000ನೆಯ ಇಸವಿಯಲ್ಲಿ’ ಎಂಬುದು ಹಳೆಯ ರಚನೆ, ಯಂತ್ರಕ್ಕೂ ನಿರಪಾಯ.

ಯುನಿಕೋಡ್ ಕೂಟದ ಸ್ಥಳೀಯ ದತ್ತಕೋಶವು ಕನ್ನಡದ ತಿಂಗಳ ಹೆಸರುಗಳನ್ನು ಒದಗಿಸಿದೆ, ವಚನಭೇದಕ್ಕೆ ಎರಡು ವರ್ಗಗಳನ್ನೂ ಗುರುತಿಸಿದೆ: ಸೊನ್ನೆ ಮತ್ತು ಒಂದು ಒಂದೆಡೆ, ಉಳಿದವು ಇನ್ನೊಂದೆಡೆ. ಈ ವಿಭಜನೆಯಲ್ಲಿ 1999 ಮತ್ತು 2000 ಒಂದೇ ವರ್ಗದವು. ವಿಭಕ್ತಿಗೆ ಬೇಕಾದ ವರ್ಗೀಕರಣವು ಸಂಖ್ಯೆಯ ಪರಿಮಾಣವನ್ನು ಅವಲಂಬಿಸದೆ, ಅದನ್ನು ಉಚ್ಚರಿಸುವಾಗ ಕೊನೆಗೆ ಬರುವ ಪದದ ಅಂತ್ಯಸ್ವರವನ್ನು ಅವಲಂಬಿಸಬೇಕು: ನೂರು, ಸಾವಿರ, ಕೋಟಿ ಎಂಬ ಮೂರು ಪದಗಳಿಗೆ ಮೂರು ದಾರಿ.