ಹುಳುಮನೆಯಿಂದ ಕಾರ್ಖಾನೆಯವರೆಗೆ: ಹೊಸೂರು–ಕೃಷ್ಣಗಿರಿ ಸೀಮೆಯ ಕಟ್ಟಡಗಳಲ್ಲಿ ಸ್ವಯಂಚಾಲಿತ ನಿಯಂತ್ರಣ ಮತ್ತು ವಿದ್ಯುತ್ ಉಳಿತಾಯ

ಪೀಠಿಕೆ

ಅತ್ತಿಬೆಲೆ ದಾಟಿ ಹೊಸೂರಿಗೆ ಬರುವವರಿಗೆ ರಾಜ್ಯ ಬದಲಾದದ್ದು ರಸ್ತೆಬದಿಯ ಫಲಕಗಳಿಂದ ಗೊತ್ತಾಗುತ್ತದೆ. ಗಾಳಿ ಮಾತ್ರ ಅದೇ ಬೆಂಗಳೂರಿನ ಗಾಳಿ. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಬೆಂಗಳೂರನ್ನು ಹೊತ್ತ ಪ್ರಸ್ಥಭೂಮಿಯೇ ಇಲ್ಲಿಗೂ ಚಾಚಿದೆ. ಹೊಸೂರಿನಿಂದ ಶೂಳಗಿರಿ ಮಾರ್ಗವಾಗಿ ಹೆದ್ದಾರಿ ಹಿಡಿದು ಇಳಿದರೆ ಸುಮಾರು 50 ಕಿಲೋಮೀಟರಿಗೆ ಕೃಷ್ಣಗಿರಿ. ಅಲ್ಲಿ ಎತ್ತರ 500 ಮೀಟರಿನ ಆಸುಪಾಸು. 2004ರಲ್ಲಿ ಧರ್ಮಪುರಿಯಿಂದ ಬೇರೆಯಾದ ಈ ಒಂದೇ ಜಿಲ್ಲೆಯೊಳಗೆ ಎರಡು ಬಗೆಯ ಹವೆ ಇದೆ.

ಇದೇ ಜಿಲ್ಲೆಯಲ್ಲಿ ಮೂರು ಬಗೆಯ ಕಟ್ಟಡಗಳು ಅಕ್ಕಪಕ್ಕದಲ್ಲಿ ನಿಂತಿವೆ. ಒಂದು, ಸಿಪ್ಕಾಟ್ ಕೈಗಾರಿಕಾ ವಸಾಹತು ಬಂದಮೇಲೆ ಎದ್ದ ಕಾರ್ಖಾನೆ ಮತ್ತು ಕಚೇರಿಗಳು. ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಹೆಸರುಗಳು ಇಲ್ಲಿ ಮನೆಮಾತು. ಎರಡು, ಗುಲಾಬಿ ಬೆಳೆಯುವ ಪಾಲಿಹೌಸ್‌ಗಳು ಮತ್ತು ಅವುಗಳಿಗೆ ಹೊಂದಿಕೊಂಡ ಶೀತಲ ಕೋಣೆಗಳು. ಮೂರು, ತಳಿ, ದೇಂಕಣಿಕೋಟೆ, ಕೆಲಮಂಗಲ, ಬಾಗಲೂರು ಕಡೆಯ ಕನ್ನಡ, ತೆಲುಗು, ತಮಿಳು ಮಾತಿನ ರೈತರ ರೇಷ್ಮೆ ಹುಳುಮನೆಗಳು. ಒಳಗಿನ ಹವೆಯನ್ನು ಹದದಲ್ಲಿಡುವ ಕೆಲಸ ಮೂರಕ್ಕೂ ಇದೆ. ಆದರೆ ಕಟ್ಟಡ ವಿದ್ಯುತ್ತಿನ ಚರ್ಚೆ ನಡೆಯುವಾಗ ಮೊದಲನೆಯದಷ್ಟೇ ಲೆಕ್ಕಕ್ಕೆ ಬರುತ್ತದೆ.

ಈ ಲೇಖನದ ವಾದ ಇಷ್ಟು: ಸ್ವಯಂಚಾಲಿತ ನಿಯಂತ್ರಣದಿಂದ ವಿದ್ಯುತ್ ಉಳಿಯಬೇಕಾದರೆ ಯಂತ್ರಕ್ಕೆ ಕೊಡುವ ಗುರಿ ಎರಡು ಸಂಗತಿಗಳನ್ನು ಅನುಸರಿಸಬೇಕು. ಒಳಗಿರುವ ಜೀವಕ್ಕೆ ಆ ಹೊತ್ತಿನಲ್ಲಿ ಏನು ಬೇಕು ಎನ್ನುವುದು ಒಂದು. ಹೊರಗಿನ ಗಾಳಿ ಆ ಹೊತ್ತಿನಲ್ಲಿ ಏನನ್ನು ಪುಕ್ಕಟೆ ಕೊಡುತ್ತಿದೆ ಎನ್ನುವುದು ಇನ್ನೊಂದು. ಈ ತಿಳಿವಳಿಕೆ ಹುಳುಮನೆಯಲ್ಲಿ ಮೊದಲಿನಿಂದಲೂ ಇದೆ. ಕಾರ್ಖಾನೆ, ಕಚೇರಿಗಳು ಅದನ್ನು ಅಲ್ಲಿಂದ ಕಲಿಯಬಹುದು.

ಹವೆಯ ಗಡಿ, ಕಾಗದದ ಗಡಿ

ಎತ್ತರ ಒಂದು ಕಿಲೋಮೀಟರ್ ಹೆಚ್ಚಿದರೆ ವಾತಾವರಣದ ತಾಪ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಈ ಲೆಕ್ಕದಲ್ಲಿ ಹೊಸೂರಿಗೂ ಕೃಷ್ಣಗಿರಿಗೂ ನಡುವಣ 400 ಮೀಟರ್ ಅಂತರ ಸುಮಾರು 2.6 ಡಿಗ್ರಿಯ ವ್ಯತ್ಯಾಸ ತರುತ್ತದೆ. ತಂಪುಗೊಳಿಸುವ ಯಂತ್ರಕ್ಕೆ ಇದು ಸಣ್ಣ ವ್ಯತ್ಯಾಸವಲ್ಲ. ಕೋಣೆಯ ಎ.ಸಿ.ಯ ಗುರಿತಾಪವನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆಂದು ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. 2020ರಿಂದ ನಕ್ಷತ್ರ ಗುರುತಿನ ಎ.ಸಿ.ಗಳು ಚಾಲೂ ಆದಾಗ ತಾವಾಗಿಯೇ 24 ಡಿಗ್ರಿಯ ಗುರಿಯಿಂದ ಶುರುವಾಗಬೇಕೆಂಬ ನಿಯಮ ಬಂದದ್ದೂ ಈ ಲೆಕ್ಕದ ಬಲದ ಮೇಲೆ.

2001ರ ಇಂಧನ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2007ರಲ್ಲಿ ಮೊದಲ ಕಟ್ಟಡ ಸಂಹಿತೆ ಬಂತು. 2017ರಲ್ಲಿ ಅದು ಪರಿಷ್ಕೃತವಾಯಿತು. ಸಂಹಿತೆ ದೇಶವನ್ನು ಐದು ಹವಾಮಾನ ವಲಯಗಳಾಗಿ ವಿಂಗಡಿಸುತ್ತದೆ. ಬೆಂಗಳೂರು ಸಮಶೀತೋಷ್ಣ ವಲಯದಲ್ಲಿದೆ, ಚೆನ್ನೈ ಸೆಕೆ ಮತ್ತು ತೇವದ ವಲಯದಲ್ಲಿ. ದೊಡ್ಡ ಕಟ್ಟಡಗಳ ಹವಾನಿಯಂತ್ರಣಕ್ಕೆ ‘ಎಕನಾಮೈಸರ್’ ಇರಬೇಕೆಂದು 2017ರ ಸಂಹಿತೆ ಹೇಳುತ್ತದೆ. ಹೊರಗಿನ ಗಾಳಿ ತಂಪಾಗಿದ್ದಾಗ ಕಂಪ್ರೆಸರಿಗೆ ಬಿಡುವು ಕೊಟ್ಟು ಆ ಗಾಳಿಯನ್ನೇ ಒಳಕ್ಕೆ ಎಳೆದುಕೊಳ್ಳುವ ವ್ಯವಸ್ಥೆ ಅದು. ಸೆಕೆ ಮತ್ತು ತೇವದ ವಲಯಕ್ಕೆ ಇದರಿಂದ ವಿನಾಯಿತಿ ಇದೆ.

ಹೊಸೂರಿಗೆ ಈ ಭೇದ ತುಂಬ ಮುಖ್ಯ. ತಮಿಳುನಾಡಿನ ಊರು ಎಂಬ ಒಂದೇ ಕಾರಣಕ್ಕೆ ವಿನ್ಯಾಸಕಾರರು ಚೆನ್ನೈಯ ಅಂಕಿಗಳನ್ನು ಹಿಡಿದರೆ ಯಂತ್ರ ಅಗತ್ಯಕ್ಕಿಂತ ದೊಡ್ಡದಾಗುತ್ತದೆ, ಎಕನಾಮೈಸರ್ ಬಿಟ್ಟುಹೋಗುತ್ತದೆ. ಬೆಂಗಳೂರಿನ ಅಂಕಿಗಳನ್ನು ಹಿಡಿದರೆ ಚಿತ್ರವೇ ಬೇರೆ. ಅಲ್ಲಿ ಏಪ್ರಿಲ್ ತಿಂಗಳ ಸರಾಸರಿ ಗರಿಷ್ಠ ತಾಪ ಸುಮಾರು 34 ಡಿಗ್ರಿಯಾದರೂ ಸರಾಸರಿ ಕನಿಷ್ಠ ಸುಮಾರು 22 ಡಿಗ್ರಿಗೆ ಇಳಿಯುತ್ತದೆ. ಅಂದರೆ ಕಡುಬೇಸಿಗೆಯಲ್ಲೂ ನಸುಕಿನ ಗಾಳಿ ಕಟ್ಟಡದ ಗೋಡೆ, ಛಾವಣಿಗಳನ್ನು ತಣಿಸಬಲ್ಲದು. ಚಳಿಗಾಲದಲ್ಲಂತೂ ದಿನದ ಬಹುಪಾಲು ಹೊತ್ತು ಕಂಪ್ರೆಸರಿನ ಅಗತ್ಯವೇ ಬೀಳುವುದಿಲ್ಲ. ಕೃಷ್ಣಗಿರಿಯಲ್ಲಿ ಈ ಸೌಲಭ್ಯದ ಗಂಟೆಗಳು ಕಡಿಮೆ. ಆದ್ದರಿಂದ ಜಿಲ್ಲೆಗೆಲ್ಲ ಒಂದೇ ಸೂತ್ರ ಕೂಡದು. ಎತ್ತರ ನೋಡಿ ನಿಯಂತ್ರಣ ಹೊಂದಿಸಬೇಕು.

ಹುಳುಮನೆ ಕಲಿಸುವ ಪಾಠ

ಹುಳು ಸಾಕುವ ಮನೆಗೆ ಹೊಕ್ಕರೆ ಬಾಗಿಲ ಪಕ್ಕದ ಮೊಳೆಯಲ್ಲಿ ಮರದ ಪಟ್ಟಿಗೆ ಕೂಡಿಸಿದ ಎರಡು ತಾಪಮಾಪಕಗಳು ತೂಗುತ್ತಿರುತ್ತವೆ. ಒಂದರ ಬುಡ ಒಣಗಿದ್ದು, ಇನ್ನೊಂದರ ಬುಡಕ್ಕೆ ಒದ್ದೆ ಬತ್ತಿ ಸುತ್ತಿರುತ್ತದೆ. ಎರಡರ ಅಂತರ ನೋಡಿ ಗಾಳಿಯ ತೇವ ತಿಳಿಯುವುದು ಕ್ರಮ. ಬಿಸಿಲು ಏರಿದಂತೆ ಕಿಟಕಿಗೆ ಒದ್ದೆ ಗೋಣಿತಾಟು ಇಳಿಬೀಳುತ್ತದೆ. ಮಾಗಿಯ ರಾತ್ರಿ ಮೂಲೆಯಲ್ಲಿ ಕೆಂಡ ಬೀಳುತ್ತದೆ, ಇಲ್ಲವೇ ಹೀಟರ್ ಉರಿಯುತ್ತದೆ.

ಈ ಮನೆಯಲ್ಲಿ ಗುರಿತಾಪ ಸ್ಥಿರವಲ್ಲ. ಚಾಕಿ ಹುಳುವಿಗೆ, ಅಂದರೆ ಒಂದನೇ ಮತ್ತು ಎರಡನೇ ಹಂತದಲ್ಲಿ, 27–28 ಡಿಗ್ರಿ ತಾಪ ಮತ್ತು ಶೇ. 85ರಷ್ಟು ತೇವ ಬೇಕು. ಮೂರನೇ ಹಂತಕ್ಕೆ 26, ನಾಲ್ಕಕ್ಕೆ 25, ಐದಕ್ಕೆ 24 ಡಿಗ್ರಿ. ತೇವವೂ ಮೆಟ್ಟಿಲಿಳಿದಂತೆ ಶೇ. 70ರ ಹತ್ತಿರಕ್ಕೆ ಇಳಿಯಬೇಕು. ಹುಳು ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂತಾಗ ಸೊಪ್ಪು ನಿಲ್ಲಿಸಿ, ಸುಣ್ಣದ ಪುಡಿ ಉದುರಿಸಿ, ತಟ್ಟೆಯನ್ನು ಒಣಗಿಡುತ್ತಾರೆ. ಐದನೇ ಹಂತದಲ್ಲಿ ಹುಳು ತನ್ನ ಬಾಳಿನ ಒಟ್ಟು ಸೊಪ್ಪಿನಲ್ಲಿ ಶೇ. 80ಕ್ಕೂ ಹೆಚ್ಚನ್ನು ತಿನ್ನುತ್ತದೆ. ಆಗ ಹಾಸಿಗೆಯಲ್ಲಿ ಬಿಸಿ, ತೇವ, ಕೆಟ್ಟ ಗಾಳಿ ಮೂರೂ ಏರುತ್ತವೆ. ಗಾಳಿಯಾಡುವಿಕೆ ಆ ಹೊತ್ತಿನಲ್ಲೇ ಅತಿ ಹೆಚ್ಚು ಬೇಕು.

ಕಟ್ಟಡ ನಿಯಂತ್ರಣದ ಪರಿಭಾಷೆಯಲ್ಲಿ ಹೇಳುವುದಾದರೆ, ಹಂತಕ್ಕೆ ತಕ್ಕಂತೆ ಗುರಿತಾಪ ಬದಲಿಸುವುದು, ಉಸಿರಾಟ ಹೆಚ್ಚಿದಾಗ ಗಾಳಿ ಹೆಚ್ಚಿಸುವುದು, ಹೊರಗಿನ ಹವೆ ಸಾಕಾದರೆ ಕಿಟಕಿ ತೆರೆದು ಸುಮ್ಮನಾಗುವುದು, ಈ ಮೂರೂ ಹುಳುಮನೆಯ ನಿತ್ಯದ ಕೆಲಸ. ಮಾಡುವ ಕೈ ಮನುಷ್ಯನದು, ತತ್ತ್ವ ಮಾತ್ರ ಸ್ವಯಂಚಾಲಿತ ವ್ಯವಸ್ಥೆಯದೇ. ಈಗ ಸೆನ್ಸರ್ ಮತ್ತು ಹ್ಯುಮಿಡಿಫೈಯರ್ ಕೂಡಿಸಿದ ಸಣ್ಣ ಪೆಟ್ಟಿಗೆಗಳು ಬಂದಿವೆ. ಅವು ಉಳಿಸುವ ದೊಡ್ಡ ವಸ್ತು ರೈತ ಹೆಣ್ಣುಮಕ್ಕಳ ನಿದ್ದೆ. ರಾತ್ರಿ ಎರಡು ಮೂರು ಸಲ ಎದ್ದು ತಾಪ ನೋಡುವ ದುಡಿಮೆ ಹೆಚ್ಚಾಗಿ ಅವರ ಪಾಲಿನದು.

ಗಡಿಯಾರದ ಊರಿನಲ್ಲಿ ಲೋಹದ ಪಟ್ಟಿ

ತಾನೇ ಚಾಲೂ ಆಗಿ ತಾನೇ ನಿಲ್ಲುವ ಉಪಕರಣದ ಇತಿಹಾಸಕ್ಕೂ ಹೊಸೂರಿನ ಟೈಟಾನ್ ಗಡಿಯಾರದ ಕಸುಬಿಗೂ ಒಂದು ನಂಟಿದೆ. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ಹ್ಯಾರಿಸನ್ ಸಮುದ್ರಯಾನದ ಗಡಿಯಾರಗಳನ್ನು ಮಾಡುತ್ತಿದ್ದರು. ಬಿಸಿಲು ಚಳಿಗೆ ಗಡಿಯಾರದ ಓಟ ತಪ್ಪುತ್ತಿತ್ತು. ಅದನ್ನು ಸರಿಪಡಿಸಲು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಒಂದಾಗಿ ಬೆಸೆದ ಪಟ್ಟಿಯನ್ನು ತಮ್ಮ ಮೂರನೆಯ ಸಮುದ್ರ ಗಡಿಯಾರದಲ್ಲಿ ಬಳಸಿದರು. ತಾಪ ಏರಿದರೆ ಪಟ್ಟಿ ಬಾಗುತ್ತದೆ. ಅದೇ ಬಾಗನ್ನು ಬಳಸಿ 1830ರಲ್ಲಿ ಸ್ಕಾಟ್ಲೆಂಡಿನ ಆಂಡ್ರ್ಯೂ ಯೂರ್ ‘ಥರ್ಮೋಸ್ಟಾಟ್’ಗೆ ಪೇಟೆಂಟ್ ಪಡೆದರು. 1883ರಲ್ಲಿ ಅಮೆರಿಕದ ವಾರನ್ ಜಾನ್ಸನ್ ಕೋಣೆಯ ವಿದ್ಯುತ್ ಥರ್ಮೋಸ್ಟಾಟ್‌ಗೆ ಪೇಟೆಂಟ್ ಪಡೆದರು. ಗಡಿಯಾರದ ತಪ್ಪು ತಿದ್ದಲು ಹುಟ್ಟಿದ ಪಟ್ಟಿ ಹೀಗೆ ಕಟ್ಟಡಗಳ ಕಾವಲಿಗೆ ಬಂತು.

ಇಂದಿನ ಕಟ್ಟಡ ನಿರ್ವಹಣಾ ವ್ಯವಸ್ಥೆ ಆ ಪಟ್ಟಿಯ ವಿಸ್ತೃತ ರೂಪ. ಸೆನ್ಸರ್ ಅಳೆಯುತ್ತದೆ, ನಿಯಂತ್ರಕ ಗುರಿಯೊಂದಿಗೆ ಹೋಲಿಸುತ್ತದೆ, ವಾಲ್ವ್, ಡ್ಯಾಂಪರ್ (ಗಾಳಿನಾಳದ ಕದ), ಮೋಟಾರುಗಳು ಆಜ್ಞೆ ಪಾಲಿಸುತ್ತವೆ, ಫಲಿತಾಂಶ ಮತ್ತೆ ಸೆನ್ಸರಿಗೆ ತಲುಪುತ್ತದೆ. ಈ ಸುತ್ತು ಎಲ್ಲಿ ತುಂಡಾದರೂ ಉಳಿತಾಯ ನಿಲ್ಲುತ್ತದೆ.

ಉಳಿತಾಯ ಹುಟ್ಟುವ ಜಾಗಗಳು

ಮೊದಲನೆಯದು ಫ್ಯಾನು ಮತ್ತು ಪಂಪು. ಫ್ಯಾನಿನ ವೇಗ ಇಳಿದರೆ ಗಾಳಿಯ ಪ್ರಮಾಣ ಅದೇ ಅನುಪಾತದಲ್ಲಿ ಇಳಿಯುತ್ತದೆ, ಬೇಕಾಗುವ ಶಕ್ತಿಯಾದರೋ ವೇಗದ ಘನಕ್ಕೆ ಅನುಗುಣವಾಗಿ ಇಳಿಯುತ್ತದೆ. ವೇಗ ಶೇ. 80 ಆದರೆ ಶಕ್ತಿ ಶೇ. 51, ಶೇ. 70 ಆದರೆ ಶೇ. 34. ಒಂದು ಉದಾಹರಣೆ ಲೆಕ್ಕ: 15 ಕಿಲೋವಾಟ್ ಫ್ಯಾನು ದಿನವಿಡೀ ಪೂರ್ಣ ವೇಗದಲ್ಲಿ ಓಡಿದರೆ 360 ಯೂನಿಟ್. ಅದನ್ನೇ 4 ಗಂಟೆ ಪೂರ್ಣ ವೇಗದಲ್ಲಿ, 10 ಗಂಟೆ ಶೇ. 70 ವೇಗದಲ್ಲಿ ಓಡಿಸಿ ಉಳಿದ ಹೊತ್ತು ನಿಲ್ಲಿಸಿದರೆ ಸುಮಾರು 111 ಯೂನಿಟ್. ವೇಗ ಬದಲಿಸುವ ಡ್ರೈವಿನ ನಷ್ಟ, ನಾಳದ ಒತ್ತಡ ಕಳೆದರೆ ನಿಜದ ಉಳಿತಾಯ ಇದಕ್ಕಿಂತ ಕಡಿಮೆ. ಆದರೂ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಲಾಭ ಕೊಡುವ ಬೇರೆ ಉಪಾಯ ಅಪರೂಪ.

ಎರಡನೆಯದು ಗುರಿತಾಪ. ಭಾರತದ ಕಚೇರಿಗಳಲ್ಲಿ ನಡೆದ ಕ್ಷೇತ್ರ ಅಧ್ಯಯನದಿಂದ ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ಹೊಂದಾಣಿಕೆಯ ಸೂತ್ರ ಇಲ್ಲಿ ನೆರವಿಗೆ ಬರುತ್ತದೆ. ಕಿಟಕಿ ತೆರೆದು ಗಾಳಿಯಾಡುವ ಕಟ್ಟಡದಲ್ಲಿ ಹಿತವಾದ ಒಳತಾಪವೆಂದರೆ ಹೊರಗಿನ 30 ದಿನಗಳ ಸರಾಸರಿ ತಾಪವನ್ನು 0.54ರಿಂದ ಗುಣಿಸಿ 12.83 ಕೂಡಿಸಿದ್ದು. ಹೊರಗಿನ ಸರಾಸರಿ 24 ಇದ್ದರೆ ಸುಮಾರು 25.8 ಡಿಗ್ರಿ, 28 ಇದ್ದರೆ ಸುಮಾರು 28 ಡಿಗ್ರಿ ಹಿತವೆನಿಸುತ್ತದೆ. ವರ್ಷವಿಡೀ 22 ಡಿಗ್ರಿಗೆ ಬಿಗಿದಿಟ್ಟ ಕಚೇರಿ ಜನರಿಗೆ ಶಾಲು ಹೊದಿಸಲು ಹಣ ತೆರುತ್ತಿದೆ. ಹುಳುವಿಗೆ ಹಂತ ನೋಡಿ ತಾಪ ಕೊಡುವ ಸೀಮೆಯಲ್ಲಿ ಮನುಷ್ಯರಿಗೂ ಋತು ನೋಡಿ ಕೊಡುವುದು ನ್ಯಾಯ.

ಮೂರನೆಯದು ಹೊಸ ಗಾಳಿ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ 420 ಪಿಪಿಎಂ ಆಸುಪಾಸಿನಲ್ಲಿದೆ. ಕೋಣೆಯಲ್ಲಿ ಜನ ಹೆಚ್ಚಿದಂತೆ ಅದು ಏರುತ್ತದೆ. ಸಭಾಂಗಣ, ಊಟದ ಹಾಲ್‌ಗಳಲ್ಲಿ ಈ ಅಂಕಿ ನೋಡಿ ಡ್ಯಾಂಪರ್ ತೆರೆದರೆ ಖಾಲಿ ಕೋಣೆಗೆ ತಂಪುಗೊಳಿಸಿದ ಗಾಳಿ ಸುರಿಯುವುದು ತಪ್ಪುತ್ತದೆ. ನಾಲ್ಕನೆಯದು ಬೇಡಿಕೆಯ ಮಿತಿ. ಹೈಟೆನ್ಷನ್ ಗ್ರಾಹಕರು ಯೂನಿಟ್ಟಿಗಲ್ಲದೆ ಗರಿಷ್ಠ ಬೇಡಿಕೆಗೂ ಹಣ ಕೊಡುತ್ತಾರೆ; ಬೆಳಗ್ಗೆ ಮತ್ತು ಸಂಜೆಯ ಒತ್ತಡದ ಹೊತ್ತಿಗೆ ದರ ಹೆಚ್ಚು, ರಾತ್ರಿಗೆ ರಿಯಾಯಿತಿ. ಶಿಫ್ಟ್ ಶುರುವಾಗುವ ಹೊತ್ತಿಗೆ ಎಲ್ಲ ಯಂತ್ರಗಳೂ ಒಟ್ಟಿಗೆ ಏಳದಂತೆ ಒಂದರ ಹಿಂದೆ ಒಂದನ್ನು ಎಬ್ಬಿಸುವುದು ನಿಯಂತ್ರಕಕ್ಕೆ ಸುಲಭದ ಕೆಲಸ.

ಗುಲಾಬಿಯ ಶೀತಲ ಕೋಣೆಗೂ ಇದೇ ತರ್ಕ. ಕೊಯ್ದ ಹೂವು 2ರಿಂದ 4 ಡಿಗ್ರಿಯಲ್ಲಿರಬೇಕು. ಒಳಗಿನ ಫ್ಯಾನು, ದೀಪಗಳು ಬಳಸುವ ಪ್ರತಿ ವಾಟೂ ಶಾಖವಾಗಿ ಅದೇ ಕೋಣೆಗೆ ಬೀಳುತ್ತದೆ, ಅದನ್ನು ಹೊರಹಾಕಲು ಮತ್ತೆ ಕಂಪ್ರೆಸರ್ ದುಡಿಯಬೇಕು. ಬಾಗಿಲು ತೆರೆದೊಡನೆ ಫ್ಯಾನು ನಿಲ್ಲಿಸುವುದು, ಮಂಜುಗಡ್ಡೆ ಕಟ್ಟಿದಾಗ ಮಾತ್ರ ಕರಗಿಸುವುದು, ಹೊಸೂರಿನ ತಣ್ಣನೆ ರಾತ್ರಿಯಲ್ಲಿ ಕಂಡೆನ್ಸರಿನ ಒತ್ತಡವನ್ನು ಇಳಿಯಗೊಡುವುದು, ಈ ಮೂರು ಆಜ್ಞೆಗಳಿಂದಲೇ ಬಿಲ್ಲು ಇಳಿಯುತ್ತದೆ.

ನಿಯಂತ್ರಣ ಸೋಲುವ ಬಗೆ

ಈ ಸೀಮೆಯ ಒಂದು ಕಟ್ಟಡದ ಗಾಳಿಯಂತ್ರದ ಕೋಣೆಯಲ್ಲಿ ನಾನು ಕಂಡದ್ದನ್ನು ಇಲ್ಲಿ ದಾಖಲಿಸುತ್ತೇನೆ. ಪ್ಯಾನಲ್ ಮೇಲಿನ ಸ್ವಿಚ್ಚಿನ ಮುಳ್ಳು ‘ಆಟೋ’ ಬಿಟ್ಟು ‘ಮ್ಯಾನ್ಯುಯಲ್’ ಕಡೆಗೆ ತಿರುಗಿತ್ತು. ಅಲುಗದಿರಲೆಂದು ಅದರ ಮೇಲೆ ಟೇಪು ಅಂಟಿಸಿದ್ದರು. ಟೇಪಿನ ಅಂಚು ಧೂಳು ಹಿಡಿದು ಕಪ್ಪಾಗಿತ್ತು. ವಿಚಾರಿಸಿದಾಗ ತಿಳಿದದ್ದು: ಮೇಲಿನ ಮಹಡಿಯ ಸೆನ್ಸರ್ ಪಡುವಣ ಗೋಡೆಯಲ್ಲಿ, ಸಂಜೆ ಬಿಸಿಲು ಬೀಳುವಲ್ಲಿತ್ತು. ಸೆನ್ಸರಿಗೆ ಸೆಕೆಯಾದಾಗಲೆಲ್ಲ ಜನರಿಗೆ ಚಳಿಯಾಗುತ್ತಿತ್ತು. ದೂರು ತಾಳಲಾರದೆ ಆಪರೇಟರ್ ಸ್ವಿಚ್ ತಿರುಗಿಸಿದ್ದರು. ತಪ್ಪು ಅವರದಲ್ಲ. ಸೆನ್ಸರ್ ಎಲ್ಲಿ ಕೂರಬೇಕೆಂದು ಅವರನ್ನು ಯಾರೂ ಕೇಳಿರಲಿಲ್ಲ.

ಹುಳುಮನೆಯಲ್ಲಿ ಇಂಥ ತಪ್ಪು ನಡೆಯುವುದಿಲ್ಲ. ತಾಪಮಾಪಕ ತೂಗುಹಾಕಿದವರೇ ಅದನ್ನು ಓದುತ್ತಾರೆ; ಓದು ತಪ್ಪಾದರೆ ಅವರ ಗೂಡೇ ಕೆಡುತ್ತದೆ. ದೊಡ್ಡ ಕಟ್ಟಡದಲ್ಲಿ ಅಳೆಯುವವರು, ನಡೆಸುವವರು, ಬಿಲ್ಲು ಕಟ್ಟುವವರು ಬೇರೆ ಬೇರೆ. ಅವರನ್ನು ಕೂಡಿಸದೆ ಕೊಂಡ ಸಾಫ್ಟ್‌ವೇರ್ ಬರೀ ಪರದೆಯ ಮೇಲಿನ ಬಣ್ಣವಾಗಿ ಉಳಿಯುತ್ತದೆ.

ಉಪಸಂಹಾರ

ಈ ಚರ್ಚೆಯಿಂದ ನಾಲ್ಕು ಮಾತು ತೇಲಿಬರುತ್ತವೆ. ಹೊಸೂರಿನ ಕಟ್ಟಡಗಳ ವಿನ್ಯಾಸಕ್ಕೆ ಬೆಂಗಳೂರಿನ ಹವೆಯ ಅಂಕಿಗಳು ಆಧಾರವಾಗಬೇಕು, ಕೃಷ್ಣಗಿರಿಗೆ ಪ್ರತ್ಯೇಕ ಲೆಕ್ಕ ಬೇಕು. ಗುರಿತಾಪ ಋತುವಿನೊಂದಿಗೆ ಏರಿಳಿಯಬೇಕು. ರಾತ್ರಿಯ ತಂಪನ್ನು ಮೊದಲು ಬಳಸಿ ಆಮೇಲೆ ಕಂಪ್ರೆಸರ್ ಎಬ್ಬಿಸಬೇಕು. ಸೆನ್ಸರಿನ ಜಾಗ, ಅದರ ವರ್ಷಾವಧಿ ತಪಾಸಣೆ, ‘ಮ್ಯಾನ್ಯುಯಲ್’ಗೆ ತಿರುಗಿಸಿದ ಕಾರಣದ ದಾಖಲೆ, ಈ ಮೂರನ್ನು ನಡೆಸುವವರ ಕೈಗೇ ಒಪ್ಪಿಸಬೇಕು.

2022ರ ಇಂಧನ ಸಂರಕ್ಷಣಾ ತಿದ್ದುಪಡಿ ಕಾಯ್ದೆ ಕಟ್ಟಡ ಸಂಹಿತೆಯ ವ್ಯಾಪ್ತಿಯನ್ನು ದೊಡ್ಡ ವಸತಿ ಕಟ್ಟಡಗಳಿಗೂ ಹಿಗ್ಗಿಸಿದೆ. ಹುಳುಮನೆ ಅಂಥ ಯಾವ ಸಂಹಿತೆಯ ಅಳತೆಗೂ ಬಾರದಷ್ಟು ಸಣ್ಣದು. ಆದರೂ ಮೊಳೆಗೆ ತೂಗುಬಿಟ್ಟ ಆ ಎರಡು ತಾಪಮಾಪಕಗಳ ಮುಂದೆ ನಿಂತು, ಒಳಗಿನ ಜೀವವನ್ನೂ ಹೊರಗಿನ ಗಾಳಿಯನ್ನೂ ಒಟ್ಟಿಗೆ ನೋಡಿ, ಕಿಟಕಿ ತೆರೆಯಬೇಕೋ ಕೆಂಡ ಹಾಕಬೇಕೋ ಎಂದು ತೀರ್ಮಾನಿಸುವ ರೈತ ಹೆಂಗಸಿನ ವಿವೇಕವನ್ನೇ ನಮ್ಮ ನಿಯಂತ್ರಕಗಳಿಗೆ ಕಲಿಸಬೇಕಾಗಿದೆ.