ಅರೆ ಕರೆಂಟಿನ ಸರಕು

ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಚಾರ್ಜ್ ಮಾಡುವ ಟಾರ್ಚು, ಚಾರ್ಜ್ ಮಾಡುವ ಲೈಟು ಮನೆಮನೆಗೆ ಹೊಕ್ಕದ್ದು ಅಗ್ಗವಾದ ಮೇಲೆ ಎಂದು ಹೇಳುವವರೇ ಹೆಚ್ಚು. ಅಂಗಡಿಯ ಗಲ್ಲೆಯ ಮುಂದೆ ನಿಂತು ನೋಡಿದರೆ ಹಾಗೇ ಕಾಣುತ್ತದೆ. ಆದರೆ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಯ ಕಡೆ ಬೆಳಕು ಬಂದ ಬಗೆಯನ್ನು ಮೊದಲಿನಿಂದ ಹಿಡಿದು ನೋಡಿದರೆ, ಈ ವ್ಯಾಪಾರವನ್ನು ನಡೆಸಿದ್ದು ಬೆಲೆಗಿಂತ ಹೆಚ್ಚಾಗಿ ಕರೆಂಟಿನ ಹೊತ್ತುಗೊತ್ತು ಎಂದು ನನಗೆ ಅನ್ನಿಸುತ್ತದೆ. ಕರೆಂಟೇ ಇಲ್ಲದ ಊರಿನಲ್ಲಿ ಚಾರ್ಜರಿಗೆ ಕೆಲಸವಿಲ್ಲ. ಇಪ್ಪತ್ನಾಲ್ಕು ತಾಸೂ, ಹೊಲದ ಬದುವಿನವರೆಗೂ ಬೆಳಕಿದ್ದರೆ ಆಗಲೂ ಅದಕ್ಕೆ ಹೆಚ್ಚು ಕೆಲಸವಿಲ್ಲ. ಬಂದು ಬಂದು ಹೋಗುವ ಕರೆಂಟು ಇರುವಲ್ಲಿಯೇ ಅದರ ಬಾಳು.

ಮರಳಿ ತುಂಬಬಲ್ಲ ಬ್ಯಾಟರಿ ಹೊಸ ವಿದ್ಯೆಯೇನಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಸೀಸ ಮತ್ತು ಆಸಿಡ್ಡಿನ ಬ್ಯಾಟರಿ ಮಾಡಿದ್ದು 1859ರಲ್ಲಿ. ಬಳಸಿ ಎಸೆಯುವ ಸೆಲ್ಲಿನ ಮೂಲಪುರುಷನನ್ನು ಅದೇ ದೇಶದ ಜಾರ್ಜ್ ಲೆಕ್ಲಾಂಶೆ ರೂಪಿಸಿದ್ದು 1866ರಲ್ಲಿ. ಅಂದರೆ ಎಸೆಯುವ ಸೆಲ್ಲೇ ಏಳು ವರ್ಷ ಕಿರಿಯದು. ನಮ್ಮ ಭಾಗಕ್ಕೆ ಮಾತ್ರ ಕಿರಿಯದೇ ಮೊದಲು ಬಂತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಯ ಸುತ್ತ ಹಳಿ ಹಾಸಿತು. ಅಣ್ಣಿಗೇರಿ ಗದಗಿನ ದಾರಿಯಲ್ಲಿ ಬಿತ್ತು, ಕುಂದಗೋಳ ಹರಿಹರದ ದಾರಿಯಲ್ಲಿ. ರೈಲಿನ ಜೊತೆಗೇ ಟೆಲಿಗ್ರಾಫ್ ತಂತಿ, ತಂತಿಯ ಜೊತೆಗೇ ಸೆಲ್ಲು. ಸತುವು, ಇಂಗಾಲ, ನವಸಾಗರದ ನೀರು ಇದ್ದರಾಯಿತು, ಲೆಕ್ಲಾಂಶೆಯ ಜಾಡಿ ತನ್ನ ಕರೆಂಟನ್ನು ತಾನೇ ಹುಟ್ಟಿಸುತ್ತದೆ. ಪ್ಲಾಂಟೆಯ ಬ್ಯಾಟರಿಗೆ ಯಾರಾದರೂ ಕರೆಂಟು ಉಣಿಸಬೇಕು, ಉಣಿಸುವ ಯಂತ್ರ ಹತ್ತಿರದಲ್ಲೆಲ್ಲೂ ಇರಲಿಲ್ಲ. ನವಲಗುಂದ, ಕಲಘಟಗಿ ಪಟ್ಟಣಗಳಿಗಂತೂ ಇಂದಿಗೂ ರೈಲಿಲ್ಲ; ಅಲ್ಲಿ ಕಂದೀಲು, ಚಿಮಣಿಯ ನಂತರದ ಹೆಜ್ಜೆ ಟಾರ್ಚು.

ಸೆಲ್ಲಿಗೆ ನಿಜವಾದ ಹಸಿವು ಹುಟ್ಟಿಸಿದ್ದು ರೇಡಿಯೋ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು, ಜಿಲ್ಲೆ ಇನ್ನೂ ಮುಂಬಯಿ ಪ್ರಾಂತದಲ್ಲಿದ್ದಾಗ. ಮಲ್ಲಿಕಾರ್ಜುನ ಮನ್ಸೂರರಂಥವರು ಹಾಡುವ ಕೇಂದ್ರ ಕೂಗಳತೆಯಲ್ಲಿದ್ದರೂ ಕೇಳಲು ಹಳ್ಳಿಯಲ್ಲಿ ಕರೆಂಟಿಲ್ಲ. ವಾಲ್ವಿನ ಸೆಟ್ಟಿಗೆ ತೊಂಬತ್ತು ವೋಲ್ಟಿನ ಒಣ ಬ್ಯಾಟರಿ ಕಟ್ಟು ಬೇಕು, ಇಲ್ಲವೇ ಆಸಿಡ್ ಬ್ಯಾಟರಿ ಬೇಕು. ಆಸಿಡ್ಡಿನದು ಇಳಿದರೆ ಕರೆಂಟಿದ್ದ ಊರಿಗೆ ಹೊತ್ತುಕೊಂಡು ಹೋಗಿ ತುಂಬಿಸಿಕೊಂಡು ಬರಬೇಕು. ಮರಳಿ ತುಂಬುವ ಬ್ಯಾಟರಿ ಆ ಕಾಲದಲ್ಲಿ ಗೌಡರ, ದೇಸಾಯರ ವಾಡೆಯ ಸರಕಾಗಿ ಉಳಿದದ್ದರಲ್ಲಿ ಆಶ್ಚರ್ಯವಿಲ್ಲ. 1960ರ ದಶಕದಲ್ಲಿ ಟ್ರಾನ್ಸಿಸ್ಟರ್ ಬಂದು ನಾಲ್ಕು ಸೆಲ್ಲಿನಲ್ಲಿ ತಿಂಗಳುಗಟ್ಟಲೆ ಹಾಡತೊಡಗಿದ ಮೇಲೆ ಎವರೆಡಿ, ಆಮೇಲೆ ನಿಪ್ಪೋ, ನೊವಿನೋ ಸೆಲ್ಲುಗಳು ಬೆಲ್ಲ, ಚಹಾಪುಡಿಯ ಸಾಲಿಗೆ ಬಂದು ಕೂತವು. ಲೆಕ್ಕ ಹಾಕಿದರೆ ಇದು ತೀರಾ ದುಬಾರಿ ಕರೆಂಟು. ದೊಡ್ಡ ಸೆಲ್ಲೊಂದರಲ್ಲಿ ಇರುವುದು ಐದಾರು ವಾಟ್-ತಾಸಿನಷ್ಟು ಶಕ್ತಿ. ಒಂದು ಯೂನಿಟ್ ಕರೆಂಟನ್ನು ಸೆಲ್ಲಿನಲ್ಲಿ ಕೊಳ್ಳುತ್ತೇನೆಂದರೆ 150ಕ್ಕೂ ಹೆಚ್ಚು ಸೆಲ್ಲು ಬೇಕು. ಆದರೂ ಬಡವರು ಅದನ್ನೇ ಕೊಂಡರು, ಏಕೆಂದರೆ ಒಂದೊಂದಾಗಿ ಕೊಳ್ಳಬಹುದಿತ್ತು. ಇಳಿದ ಸೆಲ್ಲನ್ನು ಮಾಳಿಗೆಯ ಮೇಲೆ ಬಿಸಿಲಿಗಿಡುವ ರೂಢಿಯೂ ಇತ್ತು. ಬಿಸಿಲು ಸೆಲ್ಲನ್ನು ತುಂಬುವುದಿಲ್ಲ, ಒಳಗಿನ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸಿ ಉಳಿದ ಹನಿಯನ್ನು ಹಿಂಡುತ್ತದೆ, ಅಷ್ಟೆ. ಆದರೆ ಸೆಲ್ಲು ಮರಳಿ ತುಂಬಬೇಕೆಂಬ ಆಸೆ ಚಾರ್ಜರು ಬರುವ ಎಷ್ಟೋ ವರ್ಷ ಮೊದಲೇ ಮಾಳಿಗೆಯ ಮೇಲಿತ್ತು ಎನ್ನಲು ಅದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಾಗಾದರೆ ಕರೆಂಟು ಬಂದ ಕೂಡಲೇ ಚಾರ್ಜರೂ ಏಕೆ ಬರಲಿಲ್ಲ? 1957ರಲ್ಲಿ ವಿದ್ಯುತ್ ಮಂಡಳಿ ಹುಟ್ಟಿತು, 1960ರ ದಶಕದಲ್ಲಿ ಶರಾವತಿಯ ವಿದ್ಯುತ್ತು ಹರಿಯಿತು, ಕಂಬಗಳು ಎರಿ ಹೊಲಗಳನ್ನು ದಾಟಿ ಹಳ್ಳಿ ಸೇರಿದವು. ಆದರೆ ಬಡವರ ಮನೆಗೆ ಭಾಗ್ಯಜ್ಯೋತಿ ಯೋಜನೆ ಕೊಟ್ಟದ್ದು ಒಂದೇ ಬಲ್ಬು. ಪಿನ್ನು ಚುಚ್ಚಲು ಗೋಡೆಯಲ್ಲಿ ತೂತಿಲ್ಲದಿದ್ದರೆ ಚಾರ್ಜರು ಎಷ್ಟು ಅಗ್ಗವಾದರೇನು? ಬಲ್ಬಿನ ಹೋಲ್ಡರಿಗೆ ಸಿಕ್ಕಿಸುವ ಅಡಾಪ್ಟರು ಈ ಇತಿಹಾಸದಲ್ಲಿ ಯಾರೂ ಹೆಸರೆತ್ತದ ಉಪಕಾರಿ. ಇನ್ನು ಚಾರ್ಜರು ಬೇಕೇ ಬೇಕು ಅನ್ನಿಸುವಂತೆ ಮಾಡಿದ್ದು ರಾತ್ರಿಯ ನೀರು. ಸವದತ್ತಿ ಬಳಿಯ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ಕಾಲುವೆ ನವಲಗುಂದದ ಭೂಮಿಗೆ ಬಂದ ಮೇಲೆ ಪಾಳಿ ಬಂದಾಗ ನೀರು ಹಾಯಿಸಬೇಕು, ಪಾಳಿ ಹಗಲೇ ಬರುತ್ತದೆಂಬ ಭರವಸೆಯಿಲ್ಲ. 1980ರ ಜುಲೈ 21ರಂದು ನವಲಗುಂದ, ನರಗುಂದದಲ್ಲಿ ಸಿಡಿದ ರೈತ ಬಂಡಾಯದ ಮೂಲದಲ್ಲಿದ್ದದ್ದೂ ಇಂಥದೇ ಅಂತರ: ಕರ ಬಿದ್ದದ್ದು ನಕಾಶೆಯ ಮೇಲಿನ ನೀರಿಗೆ, ಹೊಲಕ್ಕೆ ಬಂದದ್ದು ಬೇರೆ. ಕರೆಂಟಿನ ಕಥೆಯೂ ಹಾಗೇ ನಡೆಯಿತು. ಕುಂದಗೋಳ, ಕಲಘಟಗಿಯ ಪಂಪ್‌ಸೆಟ್ಟುಗಳಿಗೆ ತ್ರೀ ಫೇಸು ದಿನಕ್ಕೆ ಕೆಲವು ತಾಸು, ಅದೂ ಪಾಳಿಯ ಮೇಲೆ, ಎಷ್ಟೋ ಸಲ ನಡುರಾತ್ರಿ. ಮೋಟರು ಚಾಲೂ ಮಾಡಲು ಹಾವು, ಹುಳದ ಬದುವಿನಲ್ಲಿ ನಡೆದುಹೋಗಬೇಕು. ಊರಿಗೆ ಸಂಜೆ ಸಿಂಗಲ್ ಫೇಸು ಬಂದಾಗ ಟಾರ್ಚು ತುಂಬಿಸಿಕೊಂಡು, ನಡುರಾತ್ರಿ ಹೊಲಕ್ಕೆ ತ್ರೀ ಫೇಸು ಬಂದಾಗ ಅದನ್ನು ಹಿಡಿದು ಹೊರಡುವ ಈ ಕ್ರಮವೇ ಚಾರ್ಜರಿಗೆ ಜಾಗ ಮಾಡಿಕೊಟ್ಟಿತು. 2002ರಲ್ಲಿ ಹುಬ್ಬಳ್ಳಿಯ ವಿದ್ಯುತ್ ಕಂಪನಿ ಹೆಸ್ಕಾಂ ಹುಟ್ಟಿದ ಆಸುಪಾಸಿನ ಲೋಡ್‌ಶೆಡ್ಡಿಂಗ್ ವರ್ಷಗಳಲ್ಲಿ ಅದು ಬೇರೂರಿತು.

ಚೀನಾದ ಅಗ್ಗದ ಮಾಲು ಬರದೇ ಇದ್ದಿದ್ದರೆ ಇದೆಲ್ಲ ಆಗುತ್ತಿತ್ತೇ ಎಂದು ಕೇಳಬಹುದು. ಆಗುತ್ತಿರಲಿಲ್ಲ, ಒಪ್ಪೋಣ. ಹಿಂದಿನ ಟಾರ್ಚಿನ ಬಲ್ಬು ನುಂಗುತ್ತಿದ್ದ ಶಕ್ತಿಯ ಸಣ್ಣ ಪಾಲಿನಲ್ಲಿ ಬೆಳಗುವ ಬಿಳಿ ಎಲ್‌ಇಡಿ ಬರದಿದ್ದರೂ ಆಗುತ್ತಿರಲಿಲ್ಲ. ಆದರೆ ಹುಬ್ಬಳ್ಳಿಯ ದುರ್ಗದ ಬೈಲಿನಿಂದ ಸಂತೆಗೆ ಬರುವ ಆ ಟಾರ್ಚು ನಿಜವಾಗಿ ಅಗ್ಗವೇ ಎಂಬುದನ್ನು ಬಿಚ್ಚಿ ನೋಡಬೇಕು. ಒಳಗೆ ನಾಲ್ಕು ವೋಲ್ಟಿನ ಸಣ್ಣ ಸೀಸದ ಬ್ಯಾಟರಿ. 230 ವೋಲ್ಟನ್ನು ಇಳಿಸಲು ಟ್ರಾನ್ಸ್‌ಫಾರ್ಮರಿಲ್ಲ, ಒಂದು ಕೆಪಾಸಿಟರು, ನಾಲ್ಕು ಡಯೋಡು. ತುಂಬಿದ ಮೇಲೆ ತಾನೇ ನಿಲ್ಲುವ ಏರ್ಪಾಡಿಲ್ಲ, ರಾತ್ರಿಯಿಡೀ ಚುಚ್ಚಿಟ್ಟರೆ ಬ್ಯಾಟರಿ ಒಣಗುತ್ತದೆ. ಸುಗ್ಗಿ ಮುಗಿದ ಮೇಲೆ ಖಾಲಿಯಾಗಿಯೇ ಗೂಟಕ್ಕೆ ತೂಗಿಬಿಟ್ಟರೆ ಸೀಸದ ತಗಡಿನ ಮೇಲೆ ಸಲ್ಫೇಟು ಗಟ್ಟಿಯಾಗಿ ಕೂತು ಮತ್ತೆ ತುಂಬುವುದೇ ಇಲ್ಲ. ವರ್ಷ ಎರಡು ವರ್ಷಕ್ಕೆ ಹೊಸದು ಕೊಳ್ಳಬೇಕಾದ ವಸ್ತುವನ್ನು ಜನ ಮತ್ತೆ ಮತ್ತೆ ಕೊಂಡರೆಂದರೆ ಕಾರಣ ಬೆಲೆಯ ಆಚೆ ಇರಬೇಕು. ಪೇಟೆಯಲ್ಲಿ ಜಾಣರು ಕೊಳ್ಳುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲು ನೂರಾರು ಸಲ ತುಂಬುತ್ತದೆ, ಲೆಕ್ಕಕ್ಕೆ ಎಲ್ಲಕ್ಕಿಂತ ಅಗ್ಗ. ಅದು ಹಳ್ಳಿಯಲ್ಲಿ ನೆಲೆಯೂರಲಿಲ್ಲ. ಚಾರ್ಜರು, ಸೆಲ್ಲು ಎಲ್ಲಕ್ಕೂ ಒಂದೇ ಸಲ ಹಣ ಕೊಡಬೇಕು. ಗೋಡೆ ಗಡಿಯಾರಕ್ಕೆ ಮಾಮೂಲಿ ಸೆಲ್ಲೊಂದು ವರ್ಷ ಬರುವಾಗ ಅದರ ಗೊಡವೆ ಯಾಕೆ? ಈ ವಿಷಯದಲ್ಲಿ ಹಳ್ಳಿಯ ಲೆಕ್ಕವೇ ಸರಿ.

ಮೊಬೈಲಿನ ವಾದ ಇದಕ್ಕಿಂತ ಗಟ್ಟಿಯಾದದ್ದು. ದಿನವೂ ಚಾರ್ಜಿಗೆ ಹಚ್ಚುವ ಅಭ್ಯಾಸ ಕಲಿಸಿದ್ದು, ಮನೆಯಲ್ಲಿ ಒಂದಾದರೂ ಸಾಕೆಟ್ಟು ಹಾಕಿಸಿದ್ದು ಅದೇ. ಆದರೆ ಬೆಳಕಿನ ಕೊರತೆಯನ್ನು ಅದು ನೀಗಲಿಲ್ಲ. ಕೆಸರಿನ ಕಾಲುವೆಗೆ ಇಳಿಯುವವರು ಸಾವಿರಾರು ರೂಪಾಯಿಯ ಫೋನನ್ನು ಕೈಯಲ್ಲಿ ಹಿಡಿಯುವುದಿಲ್ಲ, ಹಣೆಗೆ ಲಿಥಿಯಮ್ಮಿನ ದೀಪ ಕಟ್ಟುತ್ತಾರೆ.

ನಿರಂತರ ಜ್ಯೋತಿ ಯೋಜನೆ ಊರಿನ ಮಾರ್ಗವನ್ನೂ ಪಂಪ್‌ಸೆಟ್ಟಿನ ಮಾರ್ಗವನ್ನೂ ಬೇರೆ ಮಾಡಿತು, 2023ರ ಗೃಹಜ್ಯೋತಿ 200 ಯೂನಿಟ್‌ವರೆಗೆ ಬಿಲ್ಲನ್ನೇ ಅಳಿಸಿತು. ನನ್ನ ವಾದದ ಪ್ರಕಾರ ಮನೆಯೊಳಗಿನ ಚಾರ್ಜಿಂಗ್ ಲೈಟು ಇನ್ನು ಹಿಂದೆ ಸರಿಯಬೇಕು, ಹೊಲದ ಟಾರ್ಚು ಉಳಿಯಬೇಕು, ಹಗಲು ಹೊತ್ತು ತ್ರೀ ಫೇಸು ಕೊಡಿ ಎಂಬ ರೈತರ ಬೇಡಿಕೆ ಈಡೇರುವ ತನಕ. ಈ ವಾದಕ್ಕೆ ಸಿಗದ ಸರಕೂ ಒಂದಿದೆ: ಹೆಸರು, ಹತ್ತಿ, ಮೆಣಸಿನಕಾಯಿಗೆ ಔಷಧ ಹೊಡೆಯುವ 12 ವೋಲ್ಟಿನ ಬ್ಯಾಟರಿ ಪಂಪು. ಅದು ಹಗಲಿನ ಕೆಲಸದ್ದು, ಕರೆಂಟಿನ ಕೊರತೆಗೂ ಅದಕ್ಕೂ ಸಂಬಂಧವಿಲ್ಲ. ಅದನ್ನು ಕೊಳ್ಳಿಸುವುದು ಆಳಿನ ಅಭಾವ ಮತ್ತು ದಿನವಿಡೀ ಕೈಪಂಪು ಒತ್ತಿದ ತೋಳಿನ ನೋವು. ಅದರ ಸೀಸದ ಬ್ಯಾಟರಿ ಸತ್ತರೆ ಗುಜರಿಯವನು ತೂಕಕ್ಕೆ ಹಾಕಿ ದುಡ್ಡು ಕೊಡುತ್ತಾನೆ, ಏಕೆಂದರೆ ಸೀಸಕ್ಕೆ ಬೆಲೆಯಿದೆ. ಹಣೆದೀಪದ ಲಿಥಿಯಂ ಸೆಲ್ಲಿಗೆ ಅವನು ಕೈಚಾಚುವುದಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ತಯಾರಕರೇ ಅದನ್ನು ವಾಪಸು ಪಡೆಯಬೇಕು ಎಂದು ಹೇಳಿದರೂ ಸದ್ಯಕ್ಕೆ ಅದು ಸೇರುವುದು ತಿಪ್ಪೆಯನ್ನು.